ಕಬ್ಬು ಕಚ್ಚಿದವನೇ ರಾಜ

ಕಬ್ಬು ಅರೆಯುವ ವಾಸನೆ ಬಂದರೆ ಇಂದಿಗೂ ನಾನು ತಮಿಳುನಾಡಿನ ಕಂಬಂನ ಆ ಪಟ್ಟಾಭಿಷೇಕಕ್ಕೆ ಹೋಗಿಬಿಡುತ್ತೇನೆ.

ಆ ಮಧ್ಯಾಹ್ನ ನಮ್ಮ ಕನ್ನಡದವರ ಬೀದಿಯ ದೇವರ ಮಂದೆಗೆ ಹೊಸ ರಾಜಗೂಳಿಯನ್ನು ಆರಿಸಬೇಕಿತ್ತು. ಮುಂದಿಟ್ಟ ಕಬ್ಬಿನ ಕಟ್ಟಿಗೆ ಮೊದಲು ಬಾಯಿ ಹಾಕಿದವನೇ ರಾಜ. ಬೇರೆ ಅರ್ಹತೆ ಕೇಳುವಂತಿಲ್ಲ. ಅಜ್ಜಿ ಕೈಯಾರೆ ಸಾಕಿ ದೇವರಿಗೆ ಬಿಟ್ಟಿದ್ದ ಹೋರಿ ಕರಿಯನೂ ಅಭ್ಯರ್ಥಿಯಾಗಿದ್ದ.

"ಯಾರೂ ಕೂಗ್ಬ್ಯಾಡಿ, ದೇವ್ರೇ ಆರಿಸ್ಬೇಕು," ಎಂದು ಅಜ್ಜಿ ನಮಗೆಲ್ಲ ಅಪ್ಪಣೆ ಮಾಡಿದ್ದಳು.

ಮಂದೆ ಬಿಟ್ಟರು. ಧೂಳಿನೊಳಗಿಂದ ಎಲ್ಲರಿಗಿಂತ ಮುಂದೆ ಬಂದ ಕರಿಯ ಕಬ್ಬಿಗೆ ಮೂಗು ತಾಗಿಸಿದ. ಅಜ್ಜಿಯೇ ಕಿರುಚಿದಳು: "ತಿನ್ನಡಾ ನನ್ ರಾಜಾ!"

ದನಿ ಗುರುತಿಸಿದ ಕರಿಯ ರಾಜ್ಯ ಬಿಟ್ಟು ಅವಳತ್ತ ಓಡಿಬಂದ.

"ಅಲ್ಲಿ ಹೋಗಡಾ!" ಎಂದು ಅವಳು ಮೂತಿ ತಳ್ಳಿದಷ್ಟೂ ಅವನು ಕೈ ನೆಕ್ಕಿದ. ಅಷ್ಟರಲ್ಲಿ ಬಿಳಿ ಹೋರಿಯೊಂದು ಕಬ್ಬು ಕಚ್ಚಿತು.

"ರಾಜಮಾತೆ ಆಗೋದು ತಪ್ಪೋಯ್ತಲ್ಲಕ್ಕಾ!" ಎಂದು ಅಜ್ಜಿಯ ತಮ್ಮ ಕೆಣಕಿದರು.

"ಹೋದ್ರೆ ಹೋಗ್ಲಿ ಪೋ," ಎಂದಳು. ಮನೆ ಮುಟ್ಟುವವರೆಗೂ ಆ ಒದ್ದೆ ಕೈಯನ್ನು ಒರೆಸಿಕೊಳ್ಳಲಿಲ್ಲ.