ಹದಿನೇಳನೇ ಖೋಲಿಯ ವಿಮೆ

“ವರ್ಷಕ್ಕ ಆರು ಸಾವಿರ? ನಿಮ್ಮ ವಿಮಾ ನಿಮ್ಮ ಹತ್ರನ ಇರಲಿ ಬಿಡ್ರಿ.” ಅಂಬಾಬಾಯಿ ಫೋನು ಕೆಳಗಿಟ್ಟಳು. ಇದು ಮೂರನೆಯ ಕಂಪನಿ. ಹಳೆಯ ವಾದ್ಯ ಎಂದರೆ ಸಾಕು, ಮೂರೂ ಕಂಪನಿಯವರು ವಿಮೆಯ ಕಂತು ಏರಿಸಿದ್ದರು.

ಸಪ್ತಾಪುರದ ಬಾಡಿಗೆ ಮನೆಯನ್ನು ಮಾಲೀಕ ಕೆಡವಿದ ಮೇಲೆ ಈ ನಿವೃತ್ತ ಸಂಗೀತ ಶಿಕ್ಷಕಿಗೆ ಸಿಕ್ಕಿದ್ದು ಒಂದೇ ಖೋಲಿ. ಮಂಚ, ಒಲೆ ಇಟ್ಟರೆ ತಾನು ನಿಲ್ಲಲು ಜಾಗ ಹುಡುಕಬೇಕು. ಉಳಿದದ್ದೆಲ್ಲ ಹುಬ್ಬಳ್ಳಿಗೆ ಹೋಯಿತು. ಅಲ್ಲೊಂದು ಹಳೆಯ ಹತ್ತಿ ಗೋದಾಮಿಗೆ ತಗಡು ಹೊಡೆದು, ಖೋಲಿ ಮಾಡಿ, ಸಾಮಾನು ಇಡುವವರಿಗೆ ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಹದಿನೇಳನೇ ಖೋಲಿ ಗೊತ್ತುಮಾಡಿಕೊಟ್ಟವನು ಅಣ್ಣನ ಮಗ ಮಿಲಿಂದ. ಒಂದು ಕೀಲಿ ಆಕೆಯ ಹತ್ತಿರ, ಇನ್ನೊಂದು ಅವನ ಹತ್ತಿರ.

ಪಾತ್ರೆ, ಕಪಾಟು ಹೋದರೆ ಹೋಗಲಿ. ಆದರೆ ಅಲ್ಲಿ ಎರಡು ತಂಬೂರಿಗಳಿದ್ದವು. ಮಿರಜಿನಲ್ಲಿ ಮಾಡಿಸಿದವು, ತಾಯಿಯ ಕೈಯಿಂದ ಬಂದವು. ಗುರುವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಶಟರ್ ಅರ್ಧ ಇಳಿಸಿ, ಒಂದು ತಾಸು ಹಾಡಿ ಬರುತ್ತಿದ್ದಳು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಆಕೆಗೆ ಬೇಕಾಗಿದ್ದದ್ದು ಆ ಒಂದು ತಾಸು ಮಾತ್ರ. ಗೋದಾಮಿನ ಕರಾರಿನಲ್ಲಿ ಕಳವು, ಬೆಂಕಿ, ನೀರು ಯಾವುದಕ್ಕೂ ತಾವು ಹೊಣೆಯಲ್ಲ ಎಂದು ಬರೆದಿತ್ತು. ಅದನ್ನು ಓದಿದಂದಿನಿಂದ ಆಕೆಗೆ ನಿದ್ದೆಯಿಲ್ಲ.

“ನೀ ಚಿಂತಿ ಬಿಡ, ಅತ್ಯಾ,” ಎಂದ ಮಿಲಿಂದ. “ಸೋವಿದಾಗ ವಿಮಾ ಮಾಡಸಾಂವ ಒಬ್ಬ ನನಗ ಗೊತ್ತದಾನ.”

ಆ ಗುರುವಾರ ಗೋದಾಮಿಗೆ ಬಂದ ವಿಮೆಯ ಹುಡುಗ ಸಂಕೇತನನ್ನು ಅಂಬಾಬಾಯಿ ಅಡಿಯಿಂದ ಮುಡಿಯವರೆಗೆ ನೋಡಿದಳು. ಟೈ ಕಟ್ಟಿದವರೆಲ್ಲ ಕಿಸೆ ಕತ್ತರಿಸುವವರು ಎಂಬುದು ಆಕೆಯ ಲೆಕ್ಕ. ಆದರೆ ಇವನು ಬೂಟು ಹೊರಗೆ ಬಿಟ್ಟು ಬಂದ. ತಂಬೂರಿ ಎತ್ತುವ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಂಡ. ತಂತಿ ಮೀಟಿದ, ತಂತಿ ಹೊತ್ತ ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಸರಿಸಿದ. ನಾದ ತುಂಬಿಕೊಂಡಿತು.

“ನಮ್ಮಜ್ಜಾರು ಹಾಡ್ತಿದ್ರು, ಬಾಯಾರ,” ಎಂದ. ಆಕೆಯ ಸಂಶಯ ಅಲ್ಲಿಗೇ ಮುಗಿಯಿತು. ಸಂಸ್ಕಾರವಂತ ಹುಡುಗ.

“ಇವನ್ನ ಮಾಡಿದವ್ರು ಯಾರು, ಯಾರ್ಯಾರು ನುಡಿಸ್ಯಾರ, ಎಲ್ಲಾ ನಿಮ್ಮ ಕೈಲೆ ಬರದು ಸಹಿ ಮಾಡ್ರಿ. ಬೆಲಿ ಮಾತ್ರ ಬ್ಯಾರೆ ಹಾಳಿ ಮ್ಯಾಲೆ. ಬೆಲಿ ಕಡಿಮಿ ಬರದಷ್ಟೂ ಕಂತು ಕಡಿಮಿ ಬರ್ತದ.”

ತಂಬೂರಿಗಳ ಕಥೆಯನ್ನು ಆಕೆ ಮೂರು ಪುಟ ಬರೆದಳು, ಸಂಭ್ರಮದಿಂದ. ಬೆಲೆಯ ಹಾಳೆಯಲ್ಲಿ ಮೊದಲು ನಲವತ್ತು ಸಾವಿರ ಎಂದು ಬರೆದಳು. ಕಂತು ಕೇಳಿದಳು. ಹೊಡೆದು ಹಾಕಿ ಇಪ್ಪತ್ತು ಮಾಡಿದಳು. ಮತ್ತೆ ಹೊಡೆದು ಎಂಟಕ್ಕೆ ನಿಂತಳು. ಬದನೆಕಾಯಿಯಲ್ಲೂ ಚೌಕಾಸಿ ಬಿಡದವಳು ಇಲ್ಲಿ ಬಿಟ್ಟಾಳೆಯೇ? “ಹಳೇ ಕಟಗಿ, ಹಳೇ ಬುರುಡಿ. ಏನ ಬೆಲಿ ಇವಕ್ಕ?” ವರ್ಷಕ್ಕೆ ಇನ್ನೂರ ನಲವತ್ತು ರೂಪಾಯಿಗೆ ಮಾತು ಮುಗಿಯಿತು.

“ಹತ್ತು ಸಾವಿರದ ಒಳಗ ಇದ್ರ ಇನ್ನೂ ಛಲೋ,” ಎಂದ ಸಂಕೇತ, ಹಾಳೆಗಳನ್ನು ಜೋಪಾನವಾಗಿ ಮಡಚುತ್ತ. “ನಾಳೆ ಏನರ ಕಳವಾದ್ರ, ರೊಕ್ಕ ಕೊಡೂಮುಂದ ಪೊಲೀಸ್ರು, ಫಿರ್ಯಾದಿ ಯಾವ ತಕರಾರೂ ಇರೂದಿಲ್ಲ.”

ಮೂರು ವಾರ ಕಳೆದು ಖಂಡೇನವಮಿ ಬಂತು. ವಾದ್ಯಪೂಜೆಗೆ ಹೂವು, ಕುಂಕುಮ ಹಿಡಿದು ಹೋದ ಅಂಬಾಬಾಯಿ ಶಟರ್ ಎತ್ತಿದಳು. ಪಾತ್ರೆ ಇದ್ದವು, ಕಪಾಟು ಇತ್ತು. ತಂಬೂರಿ ಇರಲಿಲ್ಲ. ಆಕೆ ಸಿಮೆಂಟಿನ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಿಲಿಂದ ಬಂದು ಎಬ್ಬಿಸಿ ಮನೆಗೆ ಕರೆದೊಯ್ದ. ಪೊಲೀಸರ ಹತ್ತಿರ ಹೋದರೆ ವಿಮೆಯ ಹಣ ತಡವಾಗುತ್ತದೆ ಎಂದು ತಿಳಿಹೇಳಿದ.

ನಾಲ್ಕೇ ದಿನಕ್ಕೆ ಸಂಕೇತ ಎಂಟು ಸಾವಿರ ತಂದು ಕೈಗಿಟ್ಟ. ಅವನ ಕಣ್ಣಲ್ಲೂ ನೀರಿತ್ತು. ಅಂಬಾಬಾಯಿ ಅವನಿಗೆ ಚಹಾ ಮಾಡಿ ಕೊಟ್ಟಳು, ನೂರು ವರ್ಷ ಬಾಳು ಎಂದಳು.

ಆಮೇಲೆ ಆಕೆ ಹಾಡಲಿಲ್ಲ. ಗುರುವಾರ ಬಂದರೆ ಬಸ್ ನಿಲ್ದಾಣದವರೆಗೆ ನಡೆದು, ಏನೋ ನೆನಪಾಗಿ, ವಾಪಸು ಬರುತ್ತಿದ್ದಳು. ಸಂಕೇತನ ಗುಣಗಾನ ಮಾತ್ರ ನಿಲ್ಲಲಿಲ್ಲ. ಹುಬ್ಬಳ್ಳಿಯ ಸಿತಾರ್ ವಾದಕ ದಸ್ತಗೀರಸಾಬ ಆಕೆಯ ನಲವತ್ತು ವರ್ಷದ ಗೆಳೆಯ. ಅವನ ಮನೆ ಸೋರುತ್ತಿತ್ತು. ತಂದೆಯ ಸಿತಾರನ್ನು ಅದೇ ಗೋದಾಮಿನಲ್ಲಿ ಇಡುವ ಯೋಚನೆಯಲ್ಲಿದ್ದ.

“ಇಡ್ರಿ. ಆದ್ರ ವಿಮಾ ಮಾಡಿಸೇ ಇಡ್ರಿ,” ಎಂದಳು ಅಂಬಾಬಾಯಿ. ಮಾತಲ್ಲೇ ಬಿಡಲಿಲ್ಲ. ಮುಂದಿನ ವಾರ ಮಿಲಿಂದನ ಕಾರಿನಲ್ಲಿ ತಾನೇ ಸಂಕೇತನನ್ನು ದಸ್ತಗೀರಸಾಬನ ಮನೆಗೆ ಕರೆತಂದಳು. ಸಂಕೇತ ಬೂಟು ಬಿಟ್ಟ, ಸಿತಾರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಎರಡು ಹಾಳೆ ಕೊಟ್ಟ. ದಸ್ತಗೀರಸಾಬ ಸಿತಾರದ ಕಥೆ ಬರೆದು ಮುಗಿಸಿ ಬೆಲೆಯ ಹಾಳೆಗೆ ಬಂದು ನಿಂತಾಗ, ಸಂಕೇತ ಅಳತೆ ಪಟ್ಟಿ ತರುತ್ತೇನೆಂದು ಹೊರಗೆ ಬಂದ.

ಮಿಲಿಂದ ಕಾರಿನಲ್ಲೇ ಕೂತಿದ್ದ.

“ನಿಮ್ಮ ಅತ್ಯಾ ಬರದ ಆ ಮೂರು ಪುಟ ಓದೇ ಪುಣೆ ಗಿರಾಕಿ ತಂಬೂರಿಗೆ ನಾಲ್ಕು ಲಕ್ಷ ಕೊಟ್ಟಾನ,” ಎಂದ ಸಂಕೇತ, ದನಿ ತಗ್ಗಿಸಿ. “ಸಿತಾರದ ಕಥಿನೂ ಸಾಬರು ಛಲೋ ಬರದಾರ. ಆದ್ರ ಬೆಲಿ ಹತ್ತು ಸಾವಿರದ ಒಳಗ ಬರೀಲಿಕ್ಕೆ ಒಪ್ಪವಲ್ರು.”

“ಒಪ್ತಾರ ತಡೀ,” ಎಂದ ಮಿಲಿಂದ. “ಒಳಗ ಅತ್ಯಾ ಕೂತಾಳಲ್ಲ.”