ಏನಂತ ಬೇಡಿಕೊಳ್ಳಲಿ

“ಬ್ಯಾಡ್ರೀ ಅವ್ವಾ, ಕಡ್ಡಿ ಗೀರಬ್ಯಾಡ್ರೀ!” ಮೃದುಲಾ ಓಡಿಬಂದು ಶಂಕ್ರಮ್ಮನ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡಳು. ನೆಲ ಕೊರೆಯುವ ಯಂತ್ರದ ಮುಂದೆ ಅರಿಶಿನ, ಕುಂಕುಮ, ಕರ್ಪೂರ ಎಲ್ಲ ಸಜ್ಜಾಗಿದ್ದವು. ಹಿತ್ತಲ ಬಾವಿಯ ನೀರು ಪೆಟ್ರೋಲ್ ವಾಸನೆ ಹೊಡೆಯತೊಡಗಿದಂದಿನಿಂದ ಶಂಕ್ರಮ್ಮ ಈ ಯಂತ್ರದ ದಾರಿ ಕಾಯುತ್ತಿದ್ದಳು.

“ಪೂಜಿ ಮಾಡಲಾರದ ಬೋರ್ ಹೊಡದ್ರ ನೀರ ಬೀಳ್ತಾವೇನವ್ವಾ?”

ಮಣ್ಣು ಪರೀಕ್ಷೆಗೆಂದು ಕಲಬುರಗಿಯಿಂದ ಕಮಲಾಪುರಕ್ಕೆ ಬಂದಿದ್ದ ಮೃದುಲಾಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. “ಇದು ನೀರಿನ ಬೋರ್ ಅಲ್ಲರೀ. ಬಂಕಿನ ಟ್ಯಾಂಕಿನಿಂದ ಪೆಟ್ರೋಲ್ ಸೋರಿ ನೆಲದಾಗ ಎಲ್ಲಿತನಕ ಬಂದದ ಅಂತ ನೋಡ್ಲಿಕ್ಕೆ ಬಂದೀವಿ. ಒಂದಿಷ್ಟು ಮಣ್ಣು ತಗೊಂಡು ತೂತು ಮುಚ್ಚಿ ಹೋಗ್ತೀವಿ.” ಮುದುಕಿಯ ಮುಖ ಬಾಡಿದ್ದನ್ನು ನೋಡಿ ದನಿ ಇಳಿಸಿದಳು. “ಕರ್ಪೂರ ಬ್ಯಾಡ, ಕಾಯಿ ಒಡೀರಿ. ಏನೂ ಸಿಗಬಾರದು ಅಂತ ಬೇಡ್ಕೋರಿ.”

ಶಂಕ್ರಮ್ಮ ತೆಂಗಿನಕಾಯಿ ಎತ್ತಿ ಕಣ್ಣು ಮುಚ್ಚಿದಳು. ತುಟಿ ಅಲುಗಿದವು, ನಿಂತವು, ಮತ್ತೆ ಅಲುಗಿದವು. ಎತ್ತಿದ ಕೈ ಮಾತ್ರ ಕೆಳಗಿಳಿಯಲಿಲ್ಲ. ಕೊನೆಗೆ ಕಣ್ಣು ತೆರೆದು ಮೃದುಲಾಳ ಮುಖ ನೋಡಿದಳು.

“ಸಿಕ್ಕರ ನನ್ನ ನೆಲಾನ ಹಾಳಾತು. ಸಿಗಲಿಲ್ಲಂದ್ರ ನನ್ನ ಬಾವಿ ನಾರೋದೇ ಸುಳ್ಳು ಅಂತೀರಿ. ನಾ ಏನಂತ ಬೇಡ್ಕೊಳ್ಳಲವ್ವಾ?”