ನಿಕನೋರ್ ಬಿದ್ದ ಜಾಗ

ಕರುವಿನ ಒಂದೇ ಕಾಲು ಹೊರಗೆ ಬಂದಿತ್ತು. ಹಸು ಬೆಳಗಿನಿಂದ ನರಳುತ್ತಿತ್ತು. ಯಜಮಾನ ನಿಕನೋರ್ ಪೇಟೆಗೆ ಹೊಸದಾಗಿ ಬಂದಿದ್ದ ಪಶುವೈದ್ಯೆಗೆ ಫೋನು ಮಾಡಿ, ಅಷ್ಟು ಗಾಬರಿಯಲ್ಲೂ ಎದೆಯುಬ್ಬಿಸಿ ವಿಳಾಸ ಹೇಳಿದರು: “ನಾಲ್ಕನೇ ರಸ್ತೆ, ಮನೆ ನಂಬರು ಹದಿನೇಳು.”

ಆ ನಂಬರಿನ ನೀಲಿ ಫಲಕ ಗೇಟಿಗೆ ಬಂದು ಇನ್ನೂ ವಾರವಾಗಿರಲಿಲ್ಲ. ಅದಕ್ಕಾಗಿ ಮೂರು ವರ್ಷ ಪುರಸಭೆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ಅವರೇ. ಕೋಸ್ಟಾ ರಿಕಾದ ಆ ಗುಡ್ಡಗಾಡಿನಲ್ಲಿ ರಸ್ತೆಗಳಿಗೆ ಹೆಸರಿರಲಿಲ್ಲ. ಚರ್ಚಿನ ಮುಂದಿನ ದೊಡ್ಡ ಅತ್ತಿಮರದಿಂದ ಇಷ್ಟು ಮೀಟರ್ ಉತ್ತರಕ್ಕೆ, ಇಷ್ಟು ದಕ್ಷಿಣಕ್ಕೆ ಎಂದು ಹೇಳಿದರೆ ಅದೇ ವಿಳಾಸ. ಬಿರುಗಾಳಿಗೆ ಆ ಮರ ಉರುಳಿದ ವರ್ಷವೇ, ಊರ ಹಬ್ಬದ ದಿನ, ಹದಿನಾರರ ನಿಕನೋರ್ ಒತಿಲಿಯಾಳ ಕಣ್ಣಿಗೆ ಬೀಳಲೆಂದು ಎರವಲು ಕುದುರೆ ಓಡಿಸಿ, ಸರಿಯಾಗಿ ಅಲ್ಲೇ ಕೆಸರಿಗೆ ಬಿದ್ದಿದ್ದರು. ಜನ ಮರವನ್ನು ಮರೆತರು, ಬಿದ್ದದ್ದನ್ನು ಮರೆಯಲಿಲ್ಲ. ಬ್ರೆಡ್ ಅಂಗಡಿ ‘ನಿಕನೋರ್ ಬಿದ್ದ ಜಾಗದಿಂದ ಇನ್ನೂರು ಮೀಟರ್ ಪೂರ್ವಕ್ಕೆ’ ಆಯಿತು. ಅವರ ಸ್ವಂತ ಮಗಳ ಮದುವೆ ಆಮಂತ್ರಣದಲ್ಲೂ ಹಾಗೇ ಅಚ್ಚಾಗಿತ್ತು. ಐವತ್ತೆಂಟು ವರ್ಷ ಈ ಅವಮಾನ ನುಂಗಿದ್ದು ಸಾಕು ಎನಿಸಿತ್ತು ಅವರಿಗೆ.

ಅರ್ಧ ಗಂಟೆಯಾದರೂ ವೈದ್ಯೆಯ ಸುಳಿವಿಲ್ಲ. ಹಸು ಮಲಗಿಬಿಟ್ಟಿತು. ಆಗ ಫೋನು ಬಂತು.

“ಯಜಮಾನ್ರೇ, ನಾನು ಚರ್ಚ್ ಹತ್ರಾನೇ ಸುತ್ತುತಾ ಇದೀನಿ. ನಾಲ್ಕನೇ ರಸ್ತೆ ಅಂದ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೊಂದು ಕಡೆ ಕಾಯಿಲೆ ಕುದುರೆ ಕಾಯ್ತಾ ಇದೆ, ಹೊರಡ್ಲಾ?”

“ಬೇಡ ಬೇಡ, ಇರಿ. ನೀಲಿ ಫಲಕ ಇದೆ ನೋಡಿ, ನಂಬರು ಹದಿನೇಳು.”

“ಹದಿನೇಳಂತೆ ಹದಿನೇಳು,” ಎಂದು ಹಸುವಿನ ತಲೆ ಹಿಡಿದಿದ್ದ ಹೆಂಡತಿ ಒತಿಲಿಯಾ ಗದರಿದಳು. “ಹಸು ಸಾಯ್ತಾ ಇದೆ. ನಿಮ್ ಮಾನ ಆಮೇಲೆ ಕಾಪಾಡ್ಕೊಳ್ಳಿ, ಬಾಯ್ಬಿಟ್ಟು ಹೇಳ್ರೀ.”

ನಿಕನೋರ್ ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದರು. “ನಿಕನೋರ್ ಬಿದ್ದ ಜಾಗದಿಂದ... ನೂರು ಮೀಟರ್ ಉತ್ತರಕ್ಕೆ.”

“ಅಯ್ಯೋ, ಮೊದಲೇ ಹೇಳಬಾರದಾ? ಇಲ್ಲಿ ಎಲ್ಲರೂ ದಾರಿ ಹೇಳೋದೇ ಆ ಜಾಗದಿಂದ. ಅಲ್ಲೇ ನಿಂತಿದೀನಿ.”

ಎರಡೇ ನಿಮಿಷದಲ್ಲಿ ಜೀಪು ಬಂತು. ವೈದ್ಯೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ನೇರ ಮಾಡಿದಳು. ಮೂವರೂ ಸೇರಿ ಎಳೆದರು. ಕಂದು ಬಣ್ಣದ ಹೆಣ್ಣುಗರು ದೊಪ್ಪನೆ ಹುಲ್ಲಿನ ಮೇಲೆ ಬಿದ್ದು ಸೀನಿತು. ನಿಕನೋರ್‌ಗೆ ಕಣ್ಣು ತುಂಬಿ ಬಂತು. ಒತಿಲಿಯಾ ಕಾಫಿ ತಂದಳು.

“ಊರೆಲ್ಲಾ ಅಷ್ಟು ನೆನಪಿಟ್ಕೊಂಡಿದೆಯಲ್ಲ, ಯಾರು ಆ ನಿಕನೋರ್?” ಎಂದು ವೈದ್ಯೆ ಮರುಕದಿಂದ ಕೇಳಿದಳು. “ಪಾಪ, ಬಿದ್ದ ಏಟಿಗೇ ತೀರಿಕೊಂಡ್ರಾ?”

ಒತಿಲಿಯಾ ನಗು ತಡೆಯಲಾರದೆ ಬಾಯಿಗೆ ಬಟ್ಟೆ ಅಡ್ಡ ಹಿಡಿದಳು.

“ಇಲ್ಲ ಡಾಕ್ಟರಮ್ಮ,” ಎಂದರು ನಿಕನೋರ್, ಕರುವಿನ ಮೈ ಒರೆಸುತ್ತಾ. “ಅವನು ಎದ್ದಿದ್ದನ್ನ ಯಾರೂ ನೋಡ್ಲಿಲ್ಲ, ಅಷ್ಟೇ.”